ಅಪ್ಪನ ಪದಕ್ಕೆ ಎರಡು ಟ್ರ್ಯಾಕ್

ಬರ್ಲಿನ್

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು. ಅಪ್ಪ, ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಡಿಕೆಗೆ ಬೋರ್ಡೋ ಸಿಂಪಡಿಸಿ ಆಯಿತೆ, ಕೊಳೆ ರೋಗ ಕಾಣಿಸಿಕೊಂಡಿದೆಯೆ ಎಂದು ಅಮ್ಮ ಒಂದು ಸಾಲು ಬರೆಯಲಿ.

ಮಳೆಗಾಲದ ತಾಳಮದ್ದಳೆ ನಮ್ಮ ಜಗಲಿಯಲ್ಲಿ ಮತ್ತೆ ಶುರುವಾಗಿದೆ, ಅಪ್ಪನ ಭಾಗವತಿಕೆಯನ್ನು ನೀನು ಲ್ಯಾಪ್‌ಟಾಪಿನಲ್ಲಿ ದಾಖಲಿಸುತ್ತಿದ್ದೀಯ ಎಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ, ಕೆಲಸದಿಂದ ಬಂದವನೇ ಉತ್ತರ ಬರೆಯಲು ಕುಳಿತಿದ್ದೇನೆ. ಎಕೋ ಕೇಳಿಸದಿದ್ದರೆ ಅಪ್ಪನಿಗೆ ಹಾಡಲು ಉಮೇದು ಬರುವುದಿಲ್ಲ. ಎಕೋ ಸಮೇತ ದಾಖಲಿಸಿದರೆ ಮುಂದೆ ಅದನ್ನು ತೆಗೆಯಲಾಗದು. ನಿನ್ನ ಈ ಇಕ್ಕಟ್ಟಿಗೆ ದಾರಿ ಇದೆ. ಎಕೋ ಇಲ್ಲದ್ದು, ಇರುವುದು ಎರಡನ್ನೂ ದಾಖಲಿಸು, ಬೇರೆ ಬೇರೆ ಟ್ರ್ಯಾಕಿನಲ್ಲಿ, ಅಂದರೆ ದನಿಯನ್ನು ಪ್ರತ್ಯೇಕವಾಗಿ ಬರೆದಿಡುವ ಸಾಲುಗಳಲ್ಲಿ, ಒಂದೇ ಹೊತ್ತಿಗೆ.

ನೀನು ದಾಖಲಿಸಲು ಬಳಸುವ ಏಬಲ್ಟನ್ ಲೈವ್ ಎಂಬ ತಂತ್ರಾಂಶ ಇದೇ ಊರಿನದು. 1999ರಲ್ಲಿ ಇಲ್ಲಿ ಕಂಪನಿ ಶುರುವಾಗಿ, 2001ರಲ್ಲಿ ಲೈವ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಪ್ರತಿ ಆಡಿಯೋ ಟ್ರ್ಯಾಕಿಗೂ ‘ಆಡಿಯೋ ಫ್ರಮ್’ ಎಂಬ ಆಯ್ಕೆ ಇರುತ್ತದೆ. ಮೈಕನ್ನು ಮಾತ್ರವಲ್ಲ, ಇನ್ನೊಂದು ಟ್ರ್ಯಾಕನ್ನೂ ಅಲ್ಲಿ ಆರಿಸಬಹುದು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ತೋಟದ ಕಾಲುವೆಯಲ್ಲಿ ನೀರನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಬತ್ತುತ್ತದೆ; ಇಲ್ಲಿ ಹಾಗಲ್ಲ. ಎರಡನೆಯ ಟ್ರ್ಯಾಕು ಎಷ್ಟು ಸೆಳೆದುಕೊಂಡರೂ ಮೊದಲನೆಯದರಲ್ಲಿ ದನಿ ಕುಂದುವುದಿಲ್ಲ.

ಮೊದಲ ಟ್ರ್ಯಾಕಿಗೆ ಮೈಕನ್ನು ಕೊಟ್ಟು, ಅದರ ಮೇಲೆಯೇ ಎಕೋ ಹಾಕು. ಮಾನಿಟರ್, ಅಂದರೆ ಒಳಬರುವ ದನಿಯನ್ನು ಆಗಲೇ ಕೇಳಿಸುವ ಆಯ್ಕೆ, ‘ಆಟೋ’ದಲ್ಲಿರಲಿ. ‘ಆಫ್’ ಮಾಡಿದರೆ ಹಾಡುವಾಗ ದನಿ ಎಕೋವರೆಗೆ ಹೋಗುವುದೇ ಇಲ್ಲ, ಎರಡನೆಯ ಟ್ರ್ಯಾಕಿಗೆ ಬರೀ ಮೌನ ಬರುತ್ತದೆ. ಎರಡನೆಯ ಟ್ರ್ಯಾಕಿನ ‘ಆಡಿಯೋ ಫ್ರಮ್’ನಲ್ಲಿ ಮೊದಲ ಟ್ರ್ಯಾಕನ್ನು ಆರಿಸಿ, ಅದರ ಕೆಳಗೆ ‘ಪೋಸ್ಟ್ ಎಫ್‌ಎಕ್ಸ್’ ಎಂದಿಡು. ಎಕೋ ದಾಟಿ ಬಂದ ದನಿ ಎಂದು ಅರ್ಥ. ‘ಪ್ರೀ ಎಫ್‌ಎಕ್ಸ್’ ಎಂದರೆ ಎಕೋಗಿಂತ ಮೊದಲಿನದು. ‘ಪೋಸ್ಟ್ ಮಿಕ್ಸರ್’ ಆರಿಸಿದರೆ ನೀನು ಫೇಡರ್, ಅಂದರೆ ದನಿಯ ಮಟ್ಟದ ಹಿಡಿ, ಏರಿಸಿ ಇಳಿಸಿದ್ದೂ ದಾಖಲಾಗುತ್ತದೆ, ಆದ್ದರಿಂದ ಈಗ ಅದು ಬೇಡ. ಈ ಎರಡನೆಯ ಟ್ರ್ಯಾಕಿನ ಮಾನಿಟರ್ ಮಾತ್ರ ಕಡ್ಡಾಯವಾಗಿ ‘ಆಫ್’ ಇರಬೇಕು. ಇಲ್ಲವಾದರೆ ಒಂದೇ ದನಿ ಎರಡು ದಾರಿಯಿಂದ ಬಂದು ಕೂಡಿ, ಸುಮಾರು 6 ಡೆಸಿಬೆಲ್ ಜೋರಾಗಿ ಅಪ್ಪನ ಕಿವಿಗೆ ಅಪ್ಪಳಿಸುತ್ತದೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಎರಡೂ ಟ್ರ್ಯಾಕುಗಳ ರೆಕಾರ್ಡ್ ಗುಂಡಿಯನ್ನು ಒತ್ತಿದರೆ ಎರಡೂ ಸಜ್ಜಾಗುತ್ತವೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಲೈವ್ ಮೊದಲ ಟ್ರ್ಯಾಕಿನಲ್ಲಿ ಬರೆದುಕೊಳ್ಳುವುದು ಎಕೋ ತಾಗದ ದನಿಯನ್ನೇ. ಅಪ್ಪ ಹೆಡ್‌ಫೋನಿನಲ್ಲಿ ಎಕೋ ಕೇಳಿಸಿಕೊಂಡು ಸಂತೋಷದಿಂದ ಹಾಡುತ್ತಾರೆ, ಕಡತದಲ್ಲಿ ಉಳಿಯುವುದು ಅವರ ಗಂಟಲು, ಉಸಿರು, ಕೈಯ ತಾಳ. ಆ ಟ್ರ್ಯಾಕನ್ನು ಯಾವ ಕಾರಣಕ್ಕೂ ಅಳಿಸಬೇಡ. ಹಿಂದೆ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರಗಳಲ್ಲಿ ಮೂರು ಟ್ರ್ಯಾಕುಗಳನ್ನು ನಾಲ್ಕನೆಯದಕ್ಕೆ ಇಳಿಸಿ, ಜಾಗಕ್ಕಾಗಿ ಮೂಲವನ್ನು ಒರೆಸಿಬಿಡುತ್ತಿದ್ದರು. ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತಿತ್ತು. ನಮಗೆ ಆ ಕಷ್ಟವಿಲ್ಲದಿರುವಾಗ ಮೂಲವನ್ನು ಕಳೆದುಕೊಳ್ಳುವುದು ಅನ್ಯಾಯ.

‘ರೀಸ್ಯಾಂಪ್ಲಿಂಗ್’ ಎಂಬ ಆಯ್ಕೆಯನ್ನೂ ನೋಡಿರುತ್ತೀಯ. ಅದು ಮದ್ದಳೆ, ಚಂಡೆ, ಶ್ರುತಿ ಎಲ್ಲವೂ ಸೇರಿ ಹೊರಬರುವ ಮೊತ್ತವನ್ನು ಹಿಡಿಯುತ್ತದೆ. ಊರವರಿಗೆ ಬೇಗ ಕೇಳಿಸಲು ಸಾಕು, ಆದರೆ ಮುಂದೆ ಬೇರ್ಪಡಿಸಲಾಗದು.

ಈಗ ನಾನು ನಿನ್ನಿಂದ ಆಸೆಯಿಂದ ಕೇಳುವುದು. ಕಂಪ್ಯೂಟರಿನ ಎಕೋದಲ್ಲಿ ಇರುವುದು ಯಾವುದೋ ಊರಿನ ಸಭಾಂಗಣ. ನಮ್ಮ ಮನೆಗೆ ಅದರದೇ ಆದ ನಾದವಿದೆ. ಮಳೆ ಹೊಳವಾದ ಒಂದು ದಿನ ಸ್ಪೀಕರನ್ನು ಮೆತ್ತಿನ (ಮನೆಯ ಅಟ್ಟದ) ಮೇಲೆ ಒಯ್ದು ಗೋಡೆಯ ಕಡೆಗೆ ತಿರುಗಿಸಿಡು. ಅಪ್ಪನ ಮೂಲ ದನಿಯನ್ನು ಎಕೋ ತೆಗೆದು ಅದರಲ್ಲಿ ನುಡಿಸು. ಮೈಕನ್ನು ಇನ್ನೊಂದು ತುದಿಯಲ್ಲಿ, ಮರದ ಹಲಗೆಗಳ ಹತ್ತಿರ ಇಟ್ಟು, ಮೂರನೆಯ ಟ್ರ್ಯಾಕಿಗೆ ಕೊಡು. ಇಲ್ಲಿಯೂ ಮಾನಿಟರ್ ‘ಆಫ್’. ಮರೆತರೆ ಸ್ಪೀಕರಿನ ದನಿ ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಸುತ್ತಿ ಕೀರಲು ಎದ್ದು, ಸ್ಪೀಕರು ಹಾಳಾದೀತು. ಪದ ಮುಗಿದ ಕೂಡಲೇ ನಿಲ್ಲಿಸಬೇಡ, ನಾದ ಪೂರ್ತಿ ಅಡಗುವವರೆಗೆ ಓಡಲಿ. ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ಮೂರನೆಯ ಟ್ರ್ಯಾಕು ಮೊದಲನೆಯದಕ್ಕಿಂತ ತುಸು ಹಿಂದೆ ಬೀಳುತ್ತದೆ. ಅದನ್ನು ಎಳೆದು ಸರಿಹೊಂದಿಸಲು ಹೋಗಬೇಡ. ಮೆತ್ತಿನ ಉದ್ದ ಕಿವಿಗೆ ತಿಳಿಯುವುದೇ ಆ ತಡದಿಂದ. ಮೊದಲ ಟ್ರ್ಯಾಕಿನ ಅಡಿಯಲ್ಲಿ ಇದನ್ನು ಮೆಲ್ಲಗೆ ಬೆರೆಸಿದರೆ ಸಾಕು.

ಮದ್ದಳೆಗೆ ಬೇರೆ ಮೈಕು, ಬೇರೆ ಟ್ರ್ಯಾಕು ಇರಲಿ. ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುವ ಕಾಲ. ಪ್ರತಿ ಪ್ರಸಂಗದ ನಡುವೆ ಶ್ರುತಿ ನೋಡಿಕೊಳ್ಳಲು ಹೇಳು. ಯಂತ್ರದಲ್ಲಿ ಅದನ್ನು ತಿದ್ದಬಹುದು, ಆದರೆ ಮದ್ದಳೆಯ ನಾದ ಕೆಡುತ್ತದೆ, ನನಗದು ಒಪ್ಪಿಗೆಯಿಲ್ಲ. ಕರೆಂಟು ಹೋಗುವ ಮೊದಲೇ ಲ್ಯಾಪ್‌ಟಾಪು ಪೂರ್ತಿ ಚಾರ್ಜ್ ಆಗಿರಲಿ, ಪ್ರತಿ ಪದದ ನಂತರ ಉಳಿಸಿಕೋ.

ಕಡತಗಳನ್ನು 24 ಬಿಟ್‌ನ ವೇವ್ ರೂಪದಲ್ಲಿ ಕಳುಹಿಸು, ಎಂಪಿ3 ಬೇಡ. ಶಿರಸಿಯ ಪೇಟೆಗೆ ಹೋದಾಗ ಒಂದು ಹಾರ್ಡ್ ಡಿಸ್ಕ್ ಕೊಂಡು ಇನ್ನೊಂದು ಪ್ರತಿ ಮಾಡಿ, ಅದನ್ನು ಅತ್ತೆಯ ಮನೆಯಲ್ಲಿ ಇಡು. ಹಣ ನಾನು ಕಳುಹಿಸುತ್ತೇನೆ. ಮೊದಲನೆಯ, ಎರಡನೆಯ, ಮೂರನೆಯ ಟ್ರ್ಯಾಕುಗಳನ್ನು ಅಪ್ಪನಿಗೆ ಒಂದೊಂದಾಗಿ ಕೇಳಿಸಿ, ಯಾವುದು ತಮ್ಮ ದನಿ ಎಂದು ಅವರು ಒಪ್ಪಿದರು ಎಂಬುದನ್ನು ತಪ್ಪದೆ ಬರೆ.

ಇತಿ,
ನಿನ್ನ ಅಣ್ಣ