ಮೊದಲ ಪೆಟ್ಟು ಬಿಟ್ಟು ಹಾಡುವ ಮಗಳಿಗೆ

ಮೈಸೂರು
ಮಂಗಳವಾರ ರಾತ್ರಿ

ಪುಟ್ಟಿ,

ಫೋನ್ ಮಾಡಿದರೆ ನೀನು ಎತ್ತುತ್ತೀಯ, ಗೊತ್ತು. ಆದರೆ "ಹೇಳಪ್ಪಾ" ಅನ್ನುತ್ತಿದ್ದವಳು ಭಾನುವಾರದಿಂದ "ಹೇಳಿ" ಅನ್ನುತ್ತಿದ್ದೀಯ. ಆ "ಹೇಳಿ" ಕೇಳಿದ ಕೂಡಲೇ ನನಗೆ ಹೇಳಬೇಕು ಅಂದುಕೊಂಡದ್ದೆಲ್ಲ ಮರೆತುಹೋಗುತ್ತದೆ. ಊಟ ಆಯ್ತಾ, ಮಳೆ ಬಂತಾ, ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಟ್ಟರೆ ಗುರುವಾರ ತಲುಪುತ್ತದೆ ಅಂತ ಕೊರಿಯರ್‌ನವನು ಹೇಳಿದ್ದಾನೆ.

ಭಾನುವಾರ ನಡೆದದ್ದು ಇಬ್ಬರಿಗೂ ಗೊತ್ತಿರುವುದೇ. ಮತ್ತೆ ಬರೆಯುವುದಿಲ್ಲ. ಅಮ್ಮನ ದೇವರನಾಮವನ್ನು ನೀನು ಜಮೈಕಾದ ರೆಗ್ಗೆ ಸಂಗೀತದ ನಡೆಗೆ ಹಾಡಿದೆ ಅಂತ, ಅಮ್ಮನ ಶಿಷ್ಯೆಯರು, ನಿಮ್ಮತ್ತೆ, ಎಲ್ಲರ ಎದುರಿಗೆ ನಾನು ಆ ಮಾತು ಆಡಬಾರದಿತ್ತು. ಎಲೆ ಹಾಕಿದ ಮೇಲೆ ನೀನು ಎದ್ದು ಹೋಗಬಾರದಿತ್ತು ಅಂತ ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆದೇಬಿಟ್ಟೆ ನೋಡು. ಇರಲಿ ಬಿಡು.

ಶನಿವಾರ ಹೊರಡುತ್ತೀಯ. ಹಾಡುವುದಕ್ಕೆ ಹೋಗುವುದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಮೂರು ತಿಂಗಳು ತಾನೇ. ಆದರೆ ಇಷ್ಟು ದೊಡ್ಡ ಲೋಕದಲ್ಲಿ ನಿನಗೆ ಜೊಹಾನ್ಸ್‌ಬರ್ಗೇ ಬೇಕಿತ್ತಾ? ಇದನ್ನು ನಾನು ಭಾನುವಾರ ಕೇಳಬೇಕಿತ್ತು. ಕೇಳಲು ಧೈರ್ಯ ಸಾಲದೆ ರಾಗ, ತಾಳ, ಸಂಪ್ರದಾಯ ಅಂತ ಏನೇನೋ ಕೂಗಾಡಿದೆ. ಅಮ್ಮನ ದೇವರನಾಮ ಕೆಡಿಸಿದೆ ಅಂದೆನಲ್ಲ, ಅದರಲ್ಲಿ ಅರ್ಧ ಸಿಟ್ಟು, ಅರ್ಧ ಹೆದರಿಕೆ.

ನಿನಗೆ ಹೇಳದೆ ಇಟ್ಟುಕೊಂಡದ್ದು ಒಂದಿದೆ. 2007ರ ಅಕ್ಟೋಬರ್ 18, ಗುರುವಾರ. ನಿನಗಾಗ ಹತ್ತು ವರ್ಷ. ಜೊಹಾನ್ಸ್‌ಬರ್ಗಿನಲ್ಲಿ ಆಗ ನಾವಿದ್ದ ಸನ್ನಿಂಗ್‌ಹಿಲ್ ಮನೆಯ ಬೀದಿಯಲ್ಲಿ ಜಕರಂಡ ಮರಗಳು ಮೈತುಂಬ ಹೂ ಬಿಟ್ಟಿದ್ದವು. ಕಾರಿನ ಗಾಜಿಗೆ ನೇರಳೆ ಹೂ ಅಂಟಿಕೊಂಡು, ವೈಪರ್ ಹಾಕಿದರೆ ಲೋಳೆಲೋಳೆ. ನಿನ್ನನ್ನು ಪಿಯಾನೊ ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆ. ಕೊನೆಯ ರೋಬೋಟ್ ದಾಟುವಾಗ ಒಂದು ಬಿಳಿ ಕಾರು ಹಿಂದೆ ಬಿತ್ತು. ಸಿಗ್ನಲ್‌ಗೆ ಅಲ್ಲಿ ರೋಬೋಟ್ ಅಂತಾರೆ ಅಂತ ಗೊತ್ತಾದ ದಿನ ನೀನು ಎಷ್ಟು ನಕ್ಕಿದ್ದೆ! ನಾನು ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ. ಬಲಕ್ಕೆ ತಿರುಗಿದರೆ ಬಲಕ್ಕೆ.

ಆ ಊರಲ್ಲಿ ಕಾರು ಕಿತ್ತುಕೊಳ್ಳುವವರು ಮನೆಯ ಗೇಟಿನ ಎದುರಿಗೇ ಕಾಯುತ್ತಾರೆ. ಗೇಟು ಸರಿಯುವ ತನಕ ನೀನು ನಿಂತಿರಲೇಬೇಕಲ್ಲ, ಆ ಹತ್ತು ಸೆಕೆಂಡು ಅವರಿಗೆ ಸಾಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಆಫೀಸಿನಲ್ಲಿ ಇದನ್ನು ಹೇಳಿಕೊಟ್ಟಿದ್ದರು. ನಾನು ನಮ್ಮ ಗೇಟಿನ ಎದುರು ನಿಲ್ಲಿಸಲಿಲ್ಲ. ಮುಂದೆ ಹೋಗಿ ಒಂದು ಸುತ್ತು ಹಾಕಿ ಬಂದೆ. ಬಿಳಿ ಕಾರು ಇನ್ನೂ ಇತ್ತು. ಇನ್ನೊಂದು ಸುತ್ತು. ಹಿಂದಿನ ಸೀಟಿನಿಂದ ನೀನು "ಅಪ್ಪಾ, ಮನೆ ಮರೆತುಹೋಯ್ತಾ?" ಅಂದೆ. "ಹೂವು ನೋಡೋಣ ಅಂತ ಕಣೇ" ಅಂದೆ. ಕತ್ತಲಲ್ಲಿ ಯಾವ ಹೂವು! ಮೂರನೇ ಸುತ್ತಿಗೆ ಅವನು ಪಕ್ಕದ ಮನೆಯ ಗೇಟಿನೊಳಗೆ ಹೋದ. ಯಾರದೋ ನೆಂಟ ಇರಬೇಕು. ಅವನೂ ನನ್ನನ್ನು ನೋಡಿ ಹೆದರಿಯೇ ಸುತ್ತು ಹಾಕುತ್ತಿದ್ದನೋ ಏನೋ.

ಸಾರು ಆರಿಹೋಯಿತು ಅಂತ ಅಮ್ಮ ಬೈದಳು. ನಾನು ಏನೂ ಹೇಳಲಿಲ್ಲ. ನೀನು ಪಿಯಾನೊ ಪುಸ್ತಕ ಎದೆಗೆ ಒತ್ತಿಕೊಂಡು ಕಾರಿನಿಂದ ಬಾಗಿಲ ತನಕ ನಡೆದೆಯಲ್ಲ, ಹತ್ತು ಹನ್ನೆರಡು ಹೆಜ್ಜೆ ಇರಬಹುದು. ಅದನ್ನೇ ನೋಡುತ್ತಿದ್ದೆ.

ಅದೇ ರಾತ್ರಿ, ಊರಿನ ಆ ತುದಿಯಲ್ಲಿ, ರೊಸೆಟ್ಟೆನ್‌ವಿಲ್ ಅನ್ನುವ ಬಡಾವಣೆಯಲ್ಲಿ ಅಲ್ಲಿನ ರೆಗ್ಗೆ ಹಾಡುಗಾರ ಲಕ್ಕಿ ಡೂಬೆಯನ್ನು ಗುಂಡಿಟ್ಟು ಕೊಂದರು. ಏಳು ಮಕ್ಕಳಲ್ಲಿ ಇಬ್ಬರನ್ನು ನೆಂಟರ ಮನೆಗೆ ಬಿಟ್ಟು ಇನ್ನೇನು ಹೊರಡಬೇಕಿತ್ತು. ಕಾರಿನ ಆಸೆಗೆ ಬಂದವರು. ಬೆಳಿಗ್ಗೆ ರೇಡಿಯೊದಲ್ಲಿ ಸುದ್ದಿ ಬಂದಾಗ ಅಮ್ಮ ದೋಸೆ ಹಾಕುತ್ತಿದ್ದಳು. ಕಾವಲಿ ಮೇಲಿನ ದೋಸೆ ಕಪ್ಪಾಗುವ ತನಕ ಸುಮ್ನೆ ನಿಂತಿದ್ದಳು. ನಾನು ಹೋಗಿ ಗ್ಯಾಸ್ ಆರಿಸಿದೆ.

ಅವನ ಹೆಸರು ಮೊದಲ ಸಲ ಪೇಪರಿನಲ್ಲಿ ನೋಡಿ ಅಮ್ಮ "ಯುಪಿ ಕಡೆಯವನೇನ್ರೀ?" ಅಂತ ಕೇಳಿದ್ದಳು. ದುಬೆ ಅಂತ ಓದಿಕೊಂಡಿದ್ದಳು. ಜುಲು ಭಾಷೆಯಲ್ಲಿ ಡೂಬೆ ಅಂದರೆ ಜೀಬ್ರಾ ಅಂತ ಆಮೇಲೆ ತರಕಾರಿ ಅಂಗಡಿಯವಳು ಹೇಳಿಕೊಟ್ಟಳಂತೆ. ಅವನ ಹಾಡು ಬಂದರೆ ಅಮ್ಮ ಹುರುಳಿಕಾಯಿ ಹೆಚ್ಚುವುದು ನಿಲ್ಲಿಸಿ ತೊಡೆ ಮೇಲೆ ತಾಳ ಹಾಕುತ್ತಿದ್ದಳು. ಒಂದು ಭಾನುವಾರ, ಈಳಿಗೆಮಣೆ ಮುಂದೆ ಕೂತು, "ರೀ, ಇವರು ಮೊದಲ ಪೆಟ್ಟನ್ನೇ ನುಂಗಿಬಿಡ್ತಾರಲ್ರೀ" ಅಂದಳು. ನಾಲ್ಕು ಎಣಿಸಿದರೆ ಒಂದನೆಯದು ಖಾಲಿ. ಡ್ರಮ್ಮಿನ ಭಾರವೆಲ್ಲ ಮೂರನೆಯದರ ಮೇಲೆ. ಗಿಟಾರು ಎರಡಕ್ಕೂ ನಾಲ್ಕಕ್ಕೂ ಚಕ್ ಚಕ್ ಅನ್ನುತ್ತದೆ. "ನಮ್ಮಲ್ಲೂ ತಾಳ ಬಿದ್ದ ಮೇಲೆ ಹಾಡು ಎತ್ತೋಲ್ವಾ, ಹಾಗೇ" ಅಂದು, ಕೈಯಲ್ಲಿ ಹುರುಳಿಕಾಯಿ ಹಿಡಿದೇ ಅದೇ ದೇವರನಾಮವನ್ನು ಆ ನಡೆಗೆ ಕೂರಿಸಿ ಎರಡು ಸಾಲು ಹಾಡಿದ್ದಳು.

ಇದು ನನಗೆ ನೆನಪಾದದ್ದು ಭಾನುವಾರ ರಾತ್ರಿ, ನೀನು ಬಸ್ಸು ಹತ್ತಿದ ಮೇಲೆ. ಹಾಡಿದ್ದು ಸರಿಯಾಗಿತ್ತು ಅಂತ ನಾನು ಹೇಳುತ್ತಿಲ್ಲ. ಚರಣದಲ್ಲಿ ನೀನು ಅವಸರ ಮಾಡಿದೆ, ಕಾಪಿ ರಾಗಕ್ಕೆ ಅಷ್ಟು ಅವಸರ ಆಗುವುದಿಲ್ಲ. ಆದರೆ ಎತ್ತಿಕೊಂಡ ರೀತಿ ಅಮ್ಮನದೇ.

ಲಕ್ಕಿ ಡೂಬೆ ರೆಗ್ಗೆಯಲ್ಲಿ ಹುಟ್ಟಿ ಬೆಳೆದವನೇನಲ್ಲ. ಶುರು ಮಾಡಿದ್ದು ಜುಲು ಜನರ ಎಂಬಕಾಂಗ ಸಂಗೀತದಲ್ಲಿ. ಆ ರೆಕಾರ್ಡುಗಳು ಮೂವತ್ತು ಸಾವಿರದ ತನಕ ಹೋಗುತ್ತಿದ್ದವಂತೆ. ಅದನ್ನು ಬಿಟ್ಟು ರೆಗ್ಗೆ ಮಾಡಿದ ಮೊದಲ ರೆಕಾರ್ಡು ಹೋದದ್ದು ಸುಮಾರು ನಾಲ್ಕು ಸಾವಿರ. ಸಾಲದ್ದಕ್ಕೆ 1985ರಲ್ಲಿ ಬಿಳಿಯರ ಸರ್ಕಾರ ಅದನ್ನು ನಿಷೇಧಿಸಿತು. ಅವನು ಮತ್ತೆ ರೆಗ್ಗೆಯನ್ನೇ ಹಾಡಿದ, ಆಮೇಲೆ ಆಫ್ರಿಕಾ ಪೂರ್ತಿ ಕೇಳಿತು. ಆಗ ಅವನಿಗೆ ಬುದ್ಧಿ ಹೇಳಲು ನನ್ನಂಥ ದೊಡ್ಡವರು ಎಷ್ಟು ಜನ ಹೊರಟಿದ್ದರೋ.

ಹೆಸರು ಲಕ್ಕಿ. ಅವನಿಗಿಂತ ಮೊದಲು ಬಸಿರು ನಿಲ್ಲದೆ ನೊಂದಿದ್ದ ತಾಯಿ, ಇವನು ಉಳಿದದ್ದೇ ಅದೃಷ್ಟ ಅಂತ ಇಟ್ಟ ಹೆಸರು. ಸತ್ತಾಗ ವಯಸ್ಸು 43. ಮನೆಯಿಂದ ಹೊರಟವನು ಪೆಟ್ಟಿಗೆಯಲ್ಲಿ ವಾಪಸ್ ಬರುವ ಭಯ ನಿಮಗಿಲ್ಲವೇ ಅಂತ ಅವನೇ 1999ರ ಒಂದು ಹಾಡಿನಲ್ಲಿ ಕೇಳಿದ್ದ. ಅವನು ಸತ್ತ ವಾರ ಅದನ್ನು ರೇಡಿಯೊದಲ್ಲಿ ಮತ್ತೆ ಮತ್ತೆ ಹಾಕಿದರು. ನಾನು ಪ್ರತಿ ಸಲವೂ ಸ್ಟೇಷನ್ ಬದಲಿಸುತ್ತಿದ್ದೆ.

ಎರಡು ದಿನಕ್ಕೆ, ಶನಿವಾರ, ರಗ್ಬಿ ವಿಶ್ವಕಪ್ ಫೈನಲ್. ಪ್ಯಾರಿಸ್ಸಿನಲ್ಲಿ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 15-6ರಿಂದ ಸೋಲಿಸಿತು. ಊರೆಲ್ಲ ಹಸಿರು ಜರ್ಸಿ, ಹಾರ್ನು, ಪಟಾಕಿ. ನೀನೂ ಕುಣಿದೆ. ಪಟಾಕಿ ಸಿಡಿದಾಗಲೆಲ್ಲ ನಾನು ಕಿಟಕಿ ಹತ್ತಿರ ಹೋಗಿ ಗೇಟು ನೋಡಿ ಬರುತ್ತಿದ್ದೆ.

ಅವನನ್ನು ಕೊಂದವರಿಗೆ ಅವನು ಯಾರು ಅಂತಲೇ ಗೊತ್ತಿರಲಿಲ್ಲವಂತೆ. ನೈಜೀರಿಯಾದವನು ಅಂದುಕೊಂಡಿದ್ದರಂತೆ. 2009ರ ಮಾರ್ಚ್‌ನಲ್ಲಿ ಮೂವರ ಮೇಲೆ ಅಪರಾಧ ಸಾಬೀತಾಯಿತು, ಜೀವಾವಧಿ ಶಿಕ್ಷೆ ಆಯಿತು. ಆ ಸುದ್ದಿಯನ್ನೂ ಕತ್ತರಿಸಿ ಇಟ್ಟುಕೊಂಡಿದ್ದೆ. ಯಾಕೆ ಅಂತ ಅಮ್ಮ ಕೇಳಿದಾಗ ಉತ್ತರ ಇರಲಿಲ್ಲ. ಅವನು ಮಾಡಿದ್ದು ಏನು? ಮಕ್ಕಳನ್ನು ಒಂದು ಮನೆ ಮುಂದೆ ಇಳಿಸಿದ. ನಾನು ದಿನಾ ಮಾಡುತ್ತಿದ್ದ ಕೆಲಸ. ನೋಡು, ಮತ್ತೆ ಅಲ್ಲಿಗೇ ಬಂದೆ. ಹದಿನೆಂಟು ವರ್ಷದಿಂದ ಆ ಬೀದಿಯನ್ನೇ ಸುತ್ತುತ್ತಿದ್ದೇನೆ.

ಹಾಗಾಗಿ ಕೇಳು. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಒಬ್ಬಳೇ ಬರಬೇಡ. ಕಾರಿನ ಗಾಜು ಏರಿಸಿಯೇ ಇರಲಿ. ಫೋನು ತೊಡೆ ಮೇಲೆ ಬೇಡ, ಬ್ಯಾಗು ಸೀಟಿನ ಕೆಳಗೆ. ಗೇಟಿನ ಹತ್ತಿರ ಬರುವ ಮುಂಚೆಯೇ ಕನ್ನಡಿ ನೋಡು, ಹಿಂದೆ ಯಾರಾದರೂ ಇದ್ದರೆ ನಿಲ್ಲಿಸದೆ ಮುಂದೆ ಹೋಗು. ಯಾರಾದರೂ ಕೀ ಕೇಳಿದರೆ ಕೊಟ್ಟುಬಿಡು, ಗಿಟಾರ್ ಕೇಳಿದರೂ ಕೊಟ್ಟುಬಿಡು, ವಾದ ಮಾಡಬೇಡ. ವಾದ ಮಾಡುವುದು ನಿನಗೆ ಜಾಸ್ತಿ, ಅದು ನನ್ನಿಂದಲೇ ಬಂದದ್ದು. ದುಡ್ಡಿನ ವಿಷಯ ಮೊದಲೇ ಬರೆದು ಮಾಡಿಕೊಳ್ಳಿ, ಸ್ನೇಹಿತರ ಬ್ಯಾಂಡು ಆದರೂ ಸರಿ. ರಾತ್ರಿ ಐಸ್ ನೀರು ಕುಡಿಯಬೇಡ. ಬೆಳಿಗ್ಗೆ ಅರ್ಧ ಗಂಟೆಯಾದರೂ ಶ್ರುತಿ ಹಿಡಿದು ಕೂರು, ಗಿಟಾರ್ ಇದ್ದರೆ ಶ್ರುತಿ ಬೇಡ ಅಂತ ಯಾರು ಹೇಳಿದ್ದು? ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ. ಪುಟ ತುಂಬಿತು.

ಮೂರು ರಾತ್ರಿಯಿಂದ ಯೂಟ್ಯೂಬಿನಲ್ಲಿ ಅವನ ಮಗಳ ಹಾಡು ಕೇಳುತ್ತಿದ್ದೇನೆ. ಎನ್ಕುಲೀ ಡೂಬೆ. ಅವಳೂ ರೆಗ್ಗೆ ಹಾಡುತ್ತಾಳೆ. ನಿನಗೆ ಗೊತ್ತೇ ಇರುತ್ತದೆ, ನಾನು ತಡವಾಗಿ ಕಂಡುಕೊಂಡೆ. ಮೊದಲ ಹಾಡಿನಲ್ಲಿ ಅವಳನ್ನು ನಾನು ಕೇಳಲೇ ಇಲ್ಲ. ಅವಳೊಳಗೆ ಅವಳಪ್ಪನ ಗಂಟಲು ಹುಡುಕುತ್ತಿದ್ದೆ. ಅವನು ದಪ್ಪ ದನಿಯಿಂದ ಸಣ್ಣ ದನಿಗೆ ಹಾರುತ್ತಿದ್ದನಲ್ಲ, ಈಗ ಹಾರುತ್ತಾಳೆ, ಈಗ ಹಾರುತ್ತಾಳೆ ಅಂತ ಕಾದೆ. ಅವಳು ಹಾರಲಿಲ್ಲ. ಅವಳ ಪಾಡಿಗೆ ಅವಳು ಹಾಡುತ್ತಾ ಹೋದಳು. ನನಗೆ ಸಣ್ಣಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನನ್ನ ಮೇಲೇ ನಾಚಿಕೆ ಆಯಿತು. ಯಾರ ಮಗಳೋ, ಎಲ್ಲಿಯವಳೋ, ಅಪ್ಪನ ಹಾಗೆ ಹಾಡಬೇಕು ಅಂತ ಮೈಸೂರಿನಲ್ಲಿ ಕೂತು ನಾನು ಕಾಯುವುದು ಅಂದರೆ ಏನು? ಅವಳ ಒಂದು ಆಲ್ಬಮ್ಮಿನ ಹೆಸರು "ಮೈ ವೇ". ಓದಿ ನಗು ಬಂತು.

ಅಮ್ಮ ಹೋದ ಮೇಲೆ ನಿನ್ನನ್ನು ಪ್ರತಿ ಸಲ ಹಾಡು ಅಂದಾಗ ನನಗೆ ಬೇಕಿದ್ದದ್ದು ಅವಳ ದನಿ. ನೀನು ಬಾಯಿ ತೆಗೆಯುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನೀನದನ್ನು ಗಮನಿಸಿದ್ದೀಯ ಅಂತ ಭಾನುವಾರ ಗೊತ್ತಾಯಿತು. "ಕಣ್ಣು ಬಿಟ್ಟು ಕೇಳಿ" ಅಂದೆಯಲ್ಲ. ತಪ್ಪು ನನ್ನದು ಕಣೇ. ಎರಡು ವರ್ಷದಿಂದ ನಿನ್ನ ಕೈಲಿ ಹಾಗೆ ಹಾಡಿಸಿದೆ.

ಕಳೆದ ವರ್ಷ ಬೆಂಗಳೂರಿನ ಆ ಕಾರ್ಯಕ್ರಮಕ್ಕೆ ನಾನು ಬಂದಿದ್ದೆ. ಹಿಂದಿನ ಸಾಲಿನಲ್ಲಿ ನಿಂತಿದ್ದೆ, ಹೇಳಿರಲಿಲ್ಲ. ಪಕ್ಕದಲ್ಲಿದ್ದ ಹುಡುಗನೊಬ್ಬ ನಿನ್ನ ಹಾಡಿಗೆ ಕಣ್ಣೊರೆಸಿಕೊಂಡ. ಅವಳು ನನ್ನ ಮಗಳು ಅಂತ ಹೇಳೋಣ ಅಂತ ಅವನ ಭುಜ ತಟ್ಟಿದೆ. ಅವನು ದಾರಿ ಕೇಳುತ್ತಿದ್ದೇನೆ ಅಂದುಕೊಂಡು ಟಾಯ್ಲೆಟ್ ಎಡಗಡೆ ಅಂದ.

ಈ ಪೊಟ್ಟಣದಲ್ಲಿ ಚಟ್ನಿಪುಡಿ ಇದೆ, ಹುಳಿಪುಡಿ ಇದೆ. ಎರಡನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕು, ಕೈಚೀಲದಲ್ಲಿ ಬೇಡ. ಜೊತೆಗೆ ಅಮ್ಮನ ಹಾಡಿನ ಪುಸ್ತಕ. ಸಂಜೆ ಅಂಗಡಿಗೆ ಹೋಗಿ ನಿನಗೆ ಕಳಿಸಲು ಅಂತಲೇ ಪೂರ್ತಿ ಜೆರಾಕ್ಸ್ ಮಾಡಿಸಿದ್ದೆ. ಈಗ ಕಟ್ಟುವಾಗ ಮನಸ್ಸು ಬದಲಾಯಿತು. ಜೆರಾಕ್ಸ್ ನನಗಿರಲಿ, ಪುಸ್ತಕ ನಿನಗೆ. ಆ ದೇವರನಾಮದ ಪುಟದಲ್ಲಿ ಎಣ್ಣೆ ಕಲೆ ಇದೆ, ಸ್ವರ ಕಾಣುವುದಿಲ್ಲ, ಅಲ್ಲಿ ನಿನಗೆ ತೋಚಿದ ಹಾಗೆ ಹಾಡಿಕೋ. ಸಾಹಿತ್ಯ ಮಾತ್ರ ಮುಟ್ಟಬೇಡ, ಅದು ದಾಸರದ್ದು.

ಅಲ್ಲಿಗಿಂತ ಇಲ್ಲಿ ಮೂರೂವರೆ ಗಂಟೆ ಮುಂದೆ. ನಿನಗೆ ಹನ್ನೊಂದಾದರೆ ನನಗೆ ಎರಡೂವರೆ. ಅಪ್ಪ ಮಲಗಿರುತ್ತಾರೆ ಅಂತ ಸುಮ್ಮನಾಗಬೇಡ. ಕಾರು ಒಳಗೆ ಬಂದು ಗೇಟು ಮುಚ್ಚಿದ ಮೇಲೆ ಒಂದು ಮೆಸೇಜು ಹಾಕು. ಏನೂ ಬರೆಯಬೇಕಿಲ್ಲ, ಒಂದು ಚುಕ್ಕೆ ಹಾಕಿದರೂ ಸಾಕು.

ಅಪ್ಪ