ಸೀನನಿಗೆ, ಬ್ರಾಂಡಿ ಬಾಟಲಿಗಳ ವಿಷಯವಾಗಿ

ಸೀನ,

"ಅಷ್ಟೊಂದು ಹಳೇ ಬ್ರಾಂಡಿ ಬಾಟಲಿ ಇಟ್ಕೊಂಡಿದ್ದೀಯಂತೆ. ಕುಡಿಯೋದಿಲ್ಲ, ಮಾರೋದಿಲ್ಲ. ಮತ್ತೆ ಯಾಕೋ?" ಅಂತ ನೀನು ಕೇಳಿದ್ದೆ. ವಾಟ್ಸಾಪಿನಲ್ಲಿ ಎರಡು ಸಾಲಿನಲ್ಲಿ ಹೇಳುವ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ, ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ನೋಟೀಸ್ ಬೋರ್ಡಿಗೆ ಹಾಕಿದ ಮೇಲೆ ತಾನೇ ನೀನು ಯಾವುದನ್ನಾದರೂ ನಂಬುವುದು. (ಮೇಷ್ಟ್ರು ಇದನ್ನು ಓದುತ್ತಿದ್ದರೆ: ಸಾರ್, ಆ ಛತ್ರಿ ನಮ್ಮದಲ್ಲ.)

ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಭಾನುವಾರ ಬೆಳಗ್ಗೆ ರಾಸ್ತ್ರೊ ಅಂತ ಒಂದು ಸಂತೆ ಸೇರುತ್ತದೆ. ಯಾರದೋ ತಾತ ಹೋಗಿರುತ್ತಾರೆ. ಮೊಮ್ಮಕ್ಕಳು ಮನೆ ಖಾಲಿ ಮಾಡಿ ಗಡಿಯಾರ, ಕ್ಯಾಮೆರಾ, ಬೀಗದ ಕೈ ಎಲ್ಲವನ್ನೂ ಬಟ್ಟೆ ಹಾಸಿ ಮಾರುತ್ತಾರೆ. ನಡುವೆ ಒಂದು ಬ್ರಾಂಡಿ ಬಾಟಲಿ, ಸೀಲು ಒಡೆಯದ್ದು. ನಾನು ಮೊದಲು ನೋಡುವುದು ಮುಚ್ಚಳದ ಮೇಲೆ ಅಂಟಿಸಿದ ಸುಂಕದ ಚೀಟಿಯನ್ನು. ಅದರಲ್ಲಿ ಪೆಸೆತಾ, ಸೆಂಟಿಮೊ ಲೆಕ್ಕ ಇರುತ್ತದೆ, ಯೂರೊ ಬರುವ ಮೊದಲಿನ ಸ್ಪೇನಿನ ದುಡ್ಡು. ಬಾಟಲಿ ಯಾವ ಕಾಲದ್ದು ಅಂತ ಅದರಿಂದಲೇ ಅಂದಾಜು ಮಾಡಬೇಕು, ಯಾಕೆಂದರೆ ಲೇಬಲ್ಲಿನಲ್ಲಿ ಇಸವಿ ಸಿಗುವುದೇ ಇಲ್ಲ.

ಸಿಗದಿರುವುದಕ್ಕೆ ಕಾರಣ ಇದೆ. ಸ್ಪೇನಿನ ಹೆಸರಾಂತ ಬ್ರಾಂಡಿ ಬರುವುದು ದಕ್ಷಿಣದ ಹೆರೆಸ್ ಅನ್ನುವ ಊರಿನಿಂದ, ಅದರ ಪಕ್ಕದ ಎಲ್ ಪುವೆರ್ತೊ ದೆ ಸಾಂತಾ ಮರಿಯಾ ಮತ್ತು ಸಾನ್ಲೂಕರ್‌ನಿಂದ. ಅಲ್ಲಿಯ ವೈನಿಗೆ ಶೆರ್ರಿ ಅಂತ ಹೆಸರು. ಶೆರ್ರಿ ಕುಡಿದು ಕುಡಿದು ನೆನೆದ ಓಕ್ ಪೀಪಾಯಿಗಳಲ್ಲಿ ಬ್ರಾಂಡಿ ಇಡುತ್ತಾರೆ. ಒಂದೊಂದೂ ಸುಮಾರು 500 ಲೀಟರಿನವು. ಸಾಲಿನ ಮೇಲೆ ಸಾಲು ಜೋಡಿಸಿರುತ್ತಾರೆ. ನೆಲಕ್ಕೆ ತಾಗಿದ ಸಾಲಿಗೆ ಸೊಲೆರಾ ಅನ್ನುತ್ತಾರೆ, ತೀರಾ ಹಳೆಯದು ಅದರಲ್ಲಿ. ಬಾಟಲಿಗೆ ತುಂಬುವಾಗ ಅಲ್ಲಿಂದ ಸ್ವಲ್ಪ ಮಾತ್ರ ತೆಗೆಯುತ್ತಾರೆ. ತೆಗೆದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಆ ಸಾಲಿಗೆ ಅದರ ಮೇಲಿನದರಿಂದ. ಹೊಸದು ಬಂದು ಸೇರುವುದು ತುತ್ತತುದಿಗೆ. ಯಾವ ಪೀಪಾಯಿಯೂ ಪೂರ್ತಿ ಬರಿದಾಗುವುದಿಲ್ಲ. ನಿಮ್ಮಜ್ಜಿ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತಿದ್ದರಲ್ಲ, ಆ ಮೊಸರಿಗೆ ಇಸವಿ ಕೇಳಿದರೆ ಏನು ಹೇಳುತ್ತಿದ್ದರು? ಇದೂ ಅದೇ ಲೆಕ್ಕ.

ಹಾಗಾಗಿ ಇಲ್ಲಿ ಹಳೆಯದಾಗುವುದು ಬಾಟಲಿ ಮಾತ್ರ. ಗಾಜಿನೊಳಗೆ ಹೋದ ಮೇಲೆ ಬ್ರಾಂಡಿ ಮಾಗುವುದು ನಿಲ್ಲುತ್ತದೆ. 1965ರಲ್ಲಿ ತುಂಬಿದ್ದು, ಮುಚ್ಚಳ ಗಟ್ಟಿಯಿದ್ದರೆ, ಇವತ್ತಿಗೂ ಹೆಚ್ಚುಕಡಿಮೆ 1965ರಲ್ಲೇ ಇರುತ್ತದೆ. ಕಾನೂನಿನ ಪ್ರಕಾರ ಹೆರೆಸ್ ಬ್ರಾಂಡಿಯಲ್ಲಿ ಮೂರು ದರ್ಜೆ: ಆರು ತಿಂಗಳಾದರೂ ಮಾಗಿದ್ದು, ಒಂದು ವರ್ಷ ಮಾಗಿದ್ದು, ಮೂರು ವರ್ಷ ಮಾಗಿದ್ದು. ಒಳ್ಳೆಯ ಮನೆಗಳು (ಬ್ರಾಂಡಿ ಕಂಪನಿಗಳಿಗೆ ಹಾಗನ್ನುತ್ತಾರೆ) ಅದಕ್ಕಿಂತ ತುಂಬಾ ಜಾಸ್ತಿ ಕಾಯುತ್ತವೆ. ರುಚಿ ಹೇಗೆ ಅಂತ ನೀನು ಕೇಳಲೇಬೇಕು. ಕಾರ್ದೆನಾಲ್ ಮೆಂದೋಸಾ ಅಂತ ಒಂದಿದೆ. 1781ರಲ್ಲಿ ಶುರುವಾದ ಸಾಂಚೆಸ್ ರೊಮಾತೆ ಮನೆಯದು. ಒಣದ್ರಾಕ್ಷಿ, ಅಕ್ರೋಟು, ಸ್ವಲ್ಪ ಸುಟ್ಟ ಸಕ್ಕರೆ. ಇದಕ್ಕಿಂತ ಜಾಸ್ತಿ ಬಣ್ಣಿಸಿದರೆ ನೀನು ಕೊಬ್ಬರಿ ಮಂಡಿಯ ಕಥೆ ತೆಗೆಯುತ್ತೀಯ.

ಇನ್ನೊಂದು ತಮಾಷೆ. ಹೆರೆಸ್ ಬ್ರಾಂಡಿಯ ದ್ರಾಕ್ಷಿ ಬಹುಪಾಲು ಹೆರೆಸ್‌ನದಲ್ಲ. ಅದು ಬರುವುದು ನೂರಾರು ಕಿಲೋಮೀಟರ್ ಆಚೆಯ ಲಾ ಮಾಂಚಾದ ಬಯಲಿನಿಂದ. ಐರೆನ್ ಅನ್ನುವ ಬಿಳಿ ದ್ರಾಕ್ಷಿ. ತೊಮೆಯೋಸೊ ಅನ್ನುವ ಊರಿನಲ್ಲಿ ಭಟ್ಟಿ ಇಳಿಸುತ್ತಾರೆ. ಹಳೇ ಭಟ್ಟಿಗಳ ಇಟ್ಟಿಗೆ ಚಿಮಣಿಗಳು ಆ ಊರಿನ ನಡುವೆ ಇನ್ನೂ ನಿಂತಿವೆ. ದುಡಿಯುವ ಊರು ಒಂದು, ಹೆಸರು ತೆಗೆದುಕೊಳ್ಳುವ ಊರು ಇನ್ನೊಂದು. ನಮಗೇನು ಹೊಸದಲ್ಲ ಬಿಡು.

ಹೆಸರು ಮಾಡಿದ ಮನೆಗಳಾದರೂ ಆ ಊರಿನವಾ ಅಂದರೆ, ಅದೂ ಅಲ್ಲ. ಓಸ್ಬಾರ್ನ್ ಮನೆಯ ಮೂಲ ಪುರುಷ ಇಂಗ್ಲೆಂಡಿನ ಎಕ್ಸೆಟರ್‌ನವನು, ಮನೆತನ ಹೇಳಿಕೊಳ್ಳುವ ಇಸವಿ 1772. ತೆರ್ರಿ ಮನೆಯವರು ಐರ್ಲೆಂಡಿನಿಂದ ಬಂದವರು. ದೊಮೆಕ್ ಮನೆಯನ್ನು 1730ರಲ್ಲಿ ಶುರು ಮಾಡಿದವನು ಪ್ಯಾಟ್ರಿಕ್ ಮರ್ಫಿ ಅನ್ನುವ ಐರಿಷ್, ಆಮೇಲೆ ಅದಕ್ಕೆ ಹೆಸರು ಕೊಟ್ಟವನು ಫ್ರೆಂಚ್ ಮೂಲದ ಪೆದ್ರೊ ದೊಮೆಕ್. ಸ್ಪೇನಿನಲ್ಲಿ ಬ್ರಾಂಡಿಗೆ ಬ್ರಾಂಡು ಅಂತ ಬಂದಿದ್ದು ಈ ಮನೆಯಿಂದಲೇ. ಡಚ್ಚರ ಆರ್ಡರಿಗೆ ಇಳಿಸಿದ ಸರಕು ಹಡಗು ಹತ್ತಲಿಲ್ಲವಂತೆ. ಶೆರ್ರಿ ಪೀಪಾಯಿಗಳಲ್ಲಿ ಸುರಿದು ಮರೆತರಂತೆ. ವರ್ಷಗಳಾದ ಮೇಲೆ ರುಚಿ ನೋಡಿದರೆ ಬಂಗಾರ. ಮನೆಯವರು ಹೇಳುವ ಕಥೆ, ಎಷ್ಟು ನಂಬಬೇಕೋ ಅಷ್ಟು ನಂಬು. 1874ರಲ್ಲಿ ಅದು ಫುಂದಾದೋರ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದೇ ಕಾಲಕ್ಕೆ ಫ್ರಾನ್ಸಿನ ಬ್ರಾಂಡಿ ಸೀಮೆಯಾದ ಕೊನ್ಯಾಕ್‌ನ ದ್ರಾಕ್ಷಿ ತೋಟಗಳನ್ನು ಫಿಲೊಕ್ಸೆರಾ ಹುಳು ತಿನ್ನುತ್ತಿತ್ತು. ಅವರ ಕೇಡು ಇವರ ಸುಗ್ಗಿಯಾಯಿತು. ಇಪ್ಪತ್ತು ವರ್ಷಕ್ಕೆ, 1894ರಲ್ಲಿ, ಅದೇ ಹುಳು ಹೆರೆಸ್‌ಗೂ ಬಂತು ಅನ್ನುವುದು ಬೇರೆ ಮಾತು.

ಆ ಫುಂದಾದೋರ್ ಈಗ ಯಾರದು ಗೊತ್ತಾ? 1994ರಲ್ಲಿ ದೊಮೆಕ್ ಮನೆ ಬ್ರಿಟಿಷ್ ಕಂಪನಿಯ ಪಾಲಾಯಿತು. ಆಮೇಲೆ ಅಮೆರಿಕದವರು, ಆಮೇಲೆ ಜಪಾನಿನವರು. 2016ರಲ್ಲಿ ಫಿಲಿಪೀನ್ಸಿನ ಎಂಪೆರದೋರ್ ಕಂಪನಿ 27.5 ಕೋಟಿ ಯೂರೊ ಕೊಟ್ಟು ಕೊಂಡಿತು. ಇದೇ ಎಂಪೆರದೋರ್ 2014ರಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮ್ಯಾಕೆ ವಿಸ್ಕಿ ಕಂಪನಿಯನ್ನು 43 ಕೋಟಿ ಪೌಂಡಿಗೆ ಕೊಂಡಿತ್ತು. ಯಾರಿಂದ? ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನಿಂದ. 2007ರಲ್ಲಿ 59.5 ಕೋಟಿ ಪೌಂಡಿಗೆ ಕೊಂಡಿದ್ದನ್ನು ಬೆಂಗಳೂರಿನವರು ಅಷ್ಟಕ್ಕೆ ಬಿಟ್ಟುಕೊಟ್ಟರು. ಆಗ ಯಜಮಾನರು ಯಾರಿದ್ದರು, ಈಗ ಯಾವ ದೇಶದಲ್ಲಿದ್ದಾರೆ ಅಂತ ನಾನು ಹೇಳಬೇಕಾಗಿಲ್ಲ.

ಹೇಳಿದ್ದೇಕೆ ಅಂದರೆ, ಹೆರೆಸ್‌ಗೂ ಒಬ್ಬ ಅಂಥ ಯಜಮಾನ ಇದ್ದ. ಹೋಸೆ ಮರಿಯಾ ರುಯಿಸ್ ಮತೇಯೋಸ್. ಕಂಪನಿಯ ಹೆಸರು ರುಮಾಸಾ, ಗುರುತು ಜೇನುಹುಳ. (ಹನಿ ಬೀ ಕ್ವಾರ್ಟರ್ ನೆನಪಾಯಿತಾ? ನನಗೂ.) ಶೆರ್ರಿ ಮನೆಗಳನ್ನು ಒಂದೊಂದಾಗಿ ನುಂಗಿದ. ಗಾರ್ವಿ, ವಿಲಿಯಮ್ಸ್ ಅಂಡ್ ಹಂಬರ್ಟ್, ತೆರ್ರಿ. ಬ್ಯಾಂಕು, ಹೋಟೆಲು, ಅಂಗಡಿ ಎಲ್ಲಾ ಸೇರಿ 700ರಷ್ಟು ಕಂಪನಿ, 60,000 ಕೆಲಸಗಾರರು. 1983ರ ಫೆಬ್ರವರಿ 23ರಂದು ಸರಕಾರ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಿತು. ಮನುಷ್ಯ ಲಂಡನ್ನಿಗೆ ಓಡಿದ. ಜರ್ಮನಿಯಲ್ಲಿ ಸಿಕ್ಕಿಬಿದ್ದ. ವಾಪಸು ಬಂದವನು ಸೂಪರ್‌ಮ್ಯಾನ್ ವೇಷ ಹಾಕಿಕೊಂಡು ಬೀದಿಗಿಳಿದ. ತನ್ನ ಕಂಪನಿ ಕಿತ್ತುಕೊಂಡ ಮಾಜಿ ಮಂತ್ರಿಗೆ ಕೋರ್ಟಿನಲ್ಲಿ ಕೈಮಾಡಿದ. ಅದೇ ವರ್ಷ, 1989ರಲ್ಲಿ, ಯುರೋಪಿಯನ್ ಪಾರ್ಲಿಮೆಂಟಿಗೆ ಗೆದ್ದೂ ಬಂದ. ನಮ್ಮವರಲ್ಲಿ ಈ ಮಟ್ಟದ ಕಲಾಪ್ರತಿಭೆ ಇಲ್ಲ ಅನ್ನುವ ಬೇಸರ ನನಗಿದೆ.

ತೆರ್ರಿ ಮನೆಯ ಜೊತೆಗೆ ಅವರ ಬಿಳಿ ಕುದುರೆಗಳೂ ಸರಕಾರದ ಪಾಲಾದವು. ಕಾರ್ತುಹಾನೊ ತಳಿ. ಅರವತ್ತರ ದಶಕದ ಸೆಂತೆನಾರಿಯೊ ಬ್ರಾಂಡಿಯ ಜಾಹೀರಾತಿನಲ್ಲಿ ಹೊಂಗೂದಲ ಹೆಣ್ಣೊಬ್ಬಳು ಅಂಥ ಕುದುರೆ ಏರಿ ಬರುತ್ತಿದ್ದಳು. ಒಂದು ತಲೆಮಾರಿನ ಗಂಡಸರು ಇನ್ನೂ ಅದರಿಂದ ಚೇತರಿಸಿಕೊಂಡಿಲ್ಲ. ಸ್ಪೇನಿನ ಹೆದ್ದಾರಿ ಪಕ್ಕದ ಗುಡ್ಡಗಳ ಮೇಲೆ ಕಪ್ಪು ಗೂಳಿ ನಿಂತಿರುತ್ತದಲ್ಲ, ನಾನು ಫೋಟೊ ಕಳಿಸಿದ್ದೆ, ಅದೂ ಬ್ರಾಂಡಿ ಜಾಹೀರಾತೇ. ಓಸ್ಬಾರ್ನ್‌ನವರ ವೆತೆರಾನೊಗಾಗಿ 1956ರಲ್ಲಿ ಮನೋಲೊ ಪ್ರಿಯೆತೊ ಬರೆದದ್ದು. ರಸ್ತೆ ಪಕ್ಕ ಜಾಹೀರಾತು ಕೂಡದು ಅಂತ ಕಾನೂನು ಬಂದಾಗ ಹೆಸರು ಅಳಿಸಿ ಪೂರ್ತಿ ಕಪ್ಪು ಬಳಿದರು. 1997ರಲ್ಲಿ ಸುಪ್ರೀಂ ಕೋರ್ಟು, ಇದು ಈಗ ನೋಟದ ಭಾಗವಾಗಿಬಿಟ್ಟಿದೆ, ಇರಲಿ ಅಂದಿತು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಸೊಬೆರಾನೊ ಒಂದು ಉಳಿದಿದೆ.

ಅದು 1835ರ ಗೊನ್ಸಾಲೆಸ್ ಬಯಾಸ್ ಮನೆಯ ಅಗ್ಗದ ಬ್ರಾಂಡಿ. ಎಲ್ಲ ಬಾರಿನಲ್ಲೂ ಇರುತ್ತಿತ್ತು. ಅದರ ಘೋಷಣೆ "ಇದು ಗಂಡಸರ ವಿಷಯ". ಅರವತ್ತರ ದಶಕದ ಒಂದು ಜಾಹೀರಾತು ಇದೆ. ಹೆಂಗಸೊಬ್ಬಳು ಕಣಿ ಹೇಳುವವಳ ಬಳಿ ಬರುತ್ತಾಳೆ. ಗಂಡ ಮನೆಗೆ ಬಂದರೆ ಕೂಗಾಡುತ್ತಾನೆ ಅಂತ ಅಳುತ್ತಾಳೆ. ಕಣಿಯವಳ ಪರಿಹಾರ: ಅವನು ದುಡಿದು ಬರುವವನು, ಮನೆಯಲ್ಲಿ ಸೊಬೆರಾನೊ ಇಟ್ಟಿರು, ಬಂದ ಕೂಡಲೇ ಒಂದು ಲೋಟ ಕೊಡು. ನನ್ನ ಆಫೀಸಿನ ಹುಡುಗರು ಅದನ್ನು ಮೊಬೈಲಿನಲ್ಲಿ ತೋರಿಸಿದರು. ಅಲ್ಲಿ ಈಗ ಅದೊಂದು ಜೋಕು, ತಾತಂದಿರ ಕಾಲ ಹೀಗಿತ್ತು ನೋಡು ಅಂತ. ನಾನೂ ನಕ್ಕೆ. ರಾತ್ರಿ ಮನೆಯಲ್ಲಿ ಒಬ್ಬನೇ ಮತ್ತೆ ನೋಡಿದೆ.

ನಮ್ಮಮ್ಮನಿಗೆ ಇದನ್ನು ಯಾವ ಕಣಿಯವಳೂ ಹೇಳಿಕೊಡಬೇಕಾಗಿರಲಿಲ್ಲ ಸೀನ. ಸಂಜೆಯಾದರೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಿದ್ದಳು. "ಅಪ್ಪ ಬರೋದ್ರೊಳಗೆ ತಂದುಬಿಡು." ಮನೆಯಲ್ಲಿ ಕ್ವಾರ್ಟರ್ ಇದ್ದರೆ ಎಲ್ಲರದ್ದೂ ಊಟ ಆಗುತ್ತಿತ್ತು. ಇಲ್ಲದಿದ್ದರೆ ತಟ್ಟೆ ಹಾರುತ್ತಿತ್ತು. ಅಪ್ಪ ಬ್ರಾಂಡಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಬ್ರಾಂಡಿ ಔಷಧಿ ಅಲ್ವಾ. ಶೀತಕ್ಕೆ ಒಂದು ಚಮಚ, ಬಾಣಂತಿಗೆ ಒಂದು ಚಮಚ. ಅಪ್ಪನಿಗೆ ಚಮಚ ಇರಲಿಲ್ಲ ಅಷ್ಟೇ.

ನಿನಗೆ ಗೊತ್ತು. ಅಂಗಡಿಯ ಮೂಲೆಯಲ್ಲಿ ಸೈಕಲ್ ಹಿಡಿದು ನಿಲ್ಲುತ್ತಿದ್ದವನು ನೀನೇ. ಗುರುತಿನವರು ಯಾರಾದರೂ ಬಂದರೆ ಬೆಲ್ ಹೊಡೆಯಬೇಕು. ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ಆ ಮಾತು ಎತ್ತಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ನನಗೆ ಆ ಕೆಲಸ ಇಷ್ಟವಾಗುತ್ತಿತ್ತು. ಚಿಲ್ಲರೆಯಲ್ಲಿ ಕಡಲೆಮಿಠಾಯಿ ಸಿಗುತ್ತಿತ್ತು ಅಂತ ಮಾತ್ರ ಅಲ್ಲ. ಇವತ್ತು ರಾತ್ರಿ ಗಲಾಟೆ ಆಗದ ಹಾಗೆ ನಾನು ನೋಡಿಕೊಂಡೆ ಅನ್ನುವ ಒಂದು ದೊಡ್ಡಸ್ತಿಕೆ. ಅಮ್ಮನಿಗೆ ಆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನಾನು ಕೇಳಲೇ ಇಲ್ಲ. ಅವಳ ಕೈಬಳೆ ಕಡಿಮೆಯಾಗಿದ್ದನ್ನು ನೋಡಿದ್ದೆ.

ರಾಸ್ತ್ರೊದಲ್ಲಿ ಸಿಗುವ ಆ ಸೀಲು ಒಡೆಯದ ಬಾಟಲಿ ಇದೆಯಲ್ಲ, ಅರವತ್ತು ವರ್ಷ ಒಂದು ಮನೆಯ ಕಪಾಟಿನಲ್ಲಿ ಕೂತಿದ್ದು. ಹಬ್ಬ ಬಂದಿರುತ್ತದೆ, ಜಗಳ ಆಗಿರುತ್ತದೆ, ಸಾವು ಆಗಿರುತ್ತದೆ. ಆದರೂ ಆ ಮನೆಯಲ್ಲಿ ಯಾರಿಗೂ ಅದನ್ನು ಒಡೆಯಲೇಬೇಕು ಅನ್ನಿಸಿಲ್ಲ. ನಮ್ಮ ಮನೆಯಲ್ಲಿ ಯಾವ ಬಾಟಲಿಗೂ ಹಳೆಯದಾಗುವ ಯೋಗ ಇರಲಿಲ್ಲ. ನೀನು ಕೇಳಿದ "ಯಾಕೋ"ಗೆ ಉತ್ತರ ಬಹುಶಃ ಇಷ್ಟೇ: ರಾತ್ರಿ ಮಲಗುವಾಗ ತುಂಬಿದ್ದ ಬ್ರಾಂಡಿ ಬಾಟಲಿ ಬೆಳಗ್ಗೆ ಎದ್ದಾಗಲೂ ತುಂಬಿರುವುದನ್ನು ನೋಡೋದು ನನಗೆ ಇಷ್ಟ. ಸೊಲೆರಾ, ಪೀಪಾಯಿ, ಮನೆತನ ಎಲ್ಲಾ ಆಮೇಲೆ ಓದಿಕೊಂಡಿದ್ದು.

ಸರಿ, ಸಾಕು. ಸ್ಪೇನಿನ ಬ್ರಾಂಡಿ ಚರಿತ್ರೆ ಬರೆಯಲು ಕೂತವನು ತಿಪಟೂರಿನ ಕ್ವಾರ್ಟರ್ ಚರಿತ್ರೆ ಬರೆದೆ. ಕೆಳಗೆ ಕೈಮುಗಿಯುವ ಚಿತ್ರ ಹಾಕಬೇಕು ಅಂತ ಬೆರಳು ಎತ್ತಿದವರು ದಯವಿಟ್ಟು ಇಳಿಸಿ. ನಾನು ಚೆನ್ನಾಗಿದ್ದೇನೆ, ಶುಗರ್ ಬಿಟ್ಟರೆ. ಅಮ್ಮ ಅಕ್ಕನ ಮನೆಯಲ್ಲಿ ಹಾಯಾಗಿ ಸೀರಿಯಲ್ ನೋಡಿಕೊಂಡಿದ್ದಾಳೆ. ಅವಳಿಗೆ ಇದನ್ನು ಓದಿ ಹೇಳುವ ಪುಣ್ಯಾತ್ಮರು ಯಾರೂ ಹುಟ್ಟದಿರಲಿ.

ಅಂದ ಹಾಗೆ, ಹಳೇ ಬಾಟಲಿಗಳಲ್ಲಿ ಕಾರ್ಕಿನ ಸಂದಿನಿಂದ ಸ್ವಲ್ಪ ಸ್ವಲ್ಪವೇ ಆವಿಯಾಗಿ ಮಟ್ಟ ಇಳಿಯುತ್ತದೆ. ಇದು ಎಲ್ಲ ಸಂಗ್ರಾಹಕರೂ ಒಪ್ಪಿದ ಸತ್ಯ. ನನ್ನ ಹೆಂಡತಿ ಒಪ್ಪುವುದಿಲ್ಲ. ಒಂದು ಸೆಂತೆನಾರಿಯೊ ಬಾಟಲಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿಟ್ಟಿದ್ದಾಳೆ. ವಿಚಾರಣೆ ನಡೆಯುತ್ತಿದೆ. ನೀನು ಸಾಕ್ಷಿ ಹೇಳಬೇಕಾಗಬಹುದು, ಆ ಸ್ಕೂಟರ್ ಕೇಸಿನಲ್ಲಿ ಹೇಳಿದ ಹಾಗೆ ಮಾತ್ರ ಹೇಳಬೇಡ.

ಡಿಸೆಂಬರಿನಲ್ಲಿ ಬರುತ್ತೇನೆ. ಎರಡು ಲೀಟರ್ ತನಕ ಕಸ್ಟಮ್ಸಿನವರು ಬಿಡುತ್ತಾರೆ. ಒಂದು ಬಾಟಲಿ ನಿನಗೆ, ಹೊಸದು, ಸುಮ್ನೆ ಕುಡಿಯೋಕೆ. ಇನ್ನೊಂದನ್ನು ನಿಮ್ಮ ಮಾವನವರಿಗೆ ಕೊಡಬೇಕು, ಕಳೆದ ಸಲ ಮಾತು ಕೊಟ್ಟು ಕೆಟ್ಟಿದ್ದೇನೆ. ಮೊದಲೇ ಹೇಳಿಟ್ಟಿರು, ನೀರು ಬೆರೆಸಬಾರದು, ಸೋಡಾ ಅಂತೂ ಬೇಡವೇ ಬೇಡ. ಅವರು ಕೇಳಲ್ಲ, ಗೊತ್ತು.

ನಿನ್ನ,
ಪುಟ್ಟರಾಜು
(ಹೌದು, ಆ ಹೆಸರಿನಲ್ಲೇ. ನಗಬೇಡ.)