ಪೂರ್ತಿ ಬೆಲೆಯ ಚೀಟಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದವೂ ಅದರೊಡನೆ ನೀನು ಇಟ್ಟಿದ್ದ ಕರಪತ್ರದ ಕರಡೂ ತಲುಪಿದವು. ಗೋಡೆಗೆ ಚಿತ್ರ ಬರೆಯುತ್ತಿದ್ದಾಗ ಸಾರುವೆ ಕುಸಿದು ಬಿದ್ದು, ಬಲ ಮೊಣಕೈಯ ಮೂಳೆಯನ್ನೂ ಅಲ್ಲಿ ಹಾದುಹೋಗುವ ನರವನ್ನೂ ಕೆಡಿಸಿಕೊಂಡಿರುವ ನಿನ್ನ ಗುರುಗಳಿಗಾಗಿ ನೀವು ಶಿಷ್ಯರೆಲ್ಲ ಸೇರಿ ಚಿತ್ರಪ್ರದರ್ಶನ ಮತ್ತು ಮಾರಾಟ ಏರ್ಪಡಿಸುತ್ತಿರುವ ಸಂಗತಿ ಓದಿ ಸಂತೋಷವಾಯಿತು. ಆದರೆ ಕರಡನ್ನು ಎರಡು ಸಲ ಓದಿದ ಮೇಲೆ, ಅದು ಅಚ್ಚಿಗೆ ಹೋಗುವ ಮೊದಲೇ ನಿನಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಅದರಲ್ಲಿ ಎರಡು ಸಂಗತಿಗಳು ನನಗೆ ಒಪ್ಪಿಗೆಯಾಗಲಿಲ್ಲ. ಒಂದು, ಆಸ್ಪತ್ರೆಯ ಹಾಸಿಗೆಯ ಮೇಲೆ ಕೈಗೆ ಪಟ್ಟಿ ಸುತ್ತಿಸಿಕೊಂಡು ಮಲಗಿರುವ ಅವರ ಫೋಟೋ. ಇನ್ನೊಂದು, ಅದರ ಕೆಳಗೆ ದಪ್ಪಕ್ಷರದಲ್ಲಿರುವ ‘ಎಲ್ಲ ಚಿತ್ರಗಳೂ ಅರ್ಧ ಬೆಲೆಗೆ’ ಎಂಬ ಸಾಲು.

ಚಿತ್ರಗಳಿಗೆ ಕಟ್ಟು ಹಾಕುತ್ತ, ಪರರ ಪ್ರದರ್ಶನಗಳಿಗೆ ಮೊಳೆ ಹೊಡೆಯುತ್ತ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದವನು ನಾನು. ಆದ್ದರಿಂದ ಈ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಬಹುಪಾಲು ನನ್ನದೇ ತಪ್ಪಿನಿಂದ ಕಲಿತದ್ದು. ನೀನು ಹುಟ್ಟುವ ಮೊದಲು, ನನ್ನ ಸ್ನೇಹಿತನಾದ ಒಬ್ಬ ಚಿತ್ರಕಾರನ ಬಲ ಮಣಿಕಟ್ಟು ರಸ್ತೆ ಅಪಘಾತದಲ್ಲಿ ಜಜ್ಜಿಹೋದಾಗ, ಇದೇ ರೀತಿಯ ಮಾರಾಟವೊಂದನ್ನು ನಾವು ನಾಲ್ಕೈದು ಜನ ಆತುರದಲ್ಲಿ ಮಾಡಿದೆವು. ಬಾಗಿಲಲ್ಲೇ ಅವನ ಪಟ್ಟಿ ಕಟ್ಟಿದ ಕೈಯ ಫೋಟೋ ಹಾಕಿ, ಪಕ್ಕದಲ್ಲಿ ಹುಂಡಿ ಇಟ್ಟು, ಬೇಗ ಖಾಲಿಯಾಗಲೆಂದು ಬೆಲೆಗಳನ್ನೆಲ್ಲ ಅರ್ಧಕ್ಕೆ ಇಳಿಸಿದೆವು. ಜನ ಬಂದರು, ಫೋಟೋದ ಮುಂದೆ ನಿಂತು ‘ಅಯ್ಯೋ ಪಾಪ’ ಎಂದರು, ಹುಂಡಿಗೆ ಹಾಕಿದರು, ಅಲ್ಲಿಂದಲೇ ಎಷ್ಟೋ ಮಂದಿ ಹಿಂತಿರುಗಿದರು. ಎರಡು ದಿನದಲ್ಲಿ ಚಿತ್ರಗಳೂ ಖರ್ಚಾದವು, ಹಣವೂ ಕೂಡಿತು, ನಾವೂ ಬೀಗಿದೆವು. ಹಣ ತಲುಪಿಸಲು ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ನೀಲಿ ಬಾಗಿಲಿನ ಚಿತ್ರವನ್ನು ಯಾರು ತೆಗೆದುಕೊಂಡರು? ನೋಡಿ ಏನೆಂದರು?’ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಒಂದೂವರೆ ವರ್ಷದ ಮೇಲೆ ಅವನು ಎಡಗೈಯಲ್ಲಿ ಬರೆದ ಹೊಸ ಚಿತ್ರಗಳನ್ನು ಹೊರಗಿಟ್ಟಾಗ, ಬಂದವರು ‘ಅಂದು ಇದರ ಅರ್ಧಕ್ಕೆ ಕೊಟ್ಟಿದ್ದಿರಲ್ಲ’ ಎಂದೇ ಮಾತು ಶುರುಮಾಡಿದರು. ಇಪ್ಪತ್ತು ವರ್ಷ ದುಡಿದು ಏರಿಸಿಕೊಂಡಿದ್ದ ತನ್ನ ಬೆಲೆಯನ್ನು ನಾವು ಎರಡು ದಿನದಲ್ಲಿ ಇಳಿಸಿಬಿಟ್ಟಿದ್ದೆವೆಂದು ಅವನು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ನಿನ್ನ ಗುರುಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಯೋಚಿಸಬೇಕಾದ ಮಾತು. ಪೆಟ್ಟು ತಿಂದ ನರ ಮತ್ತೆ ಬೆಳೆಯುವುದಾದರೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ ಎನ್ನುತ್ತಾರೆ ವೈದ್ಯರು. ಮೊಣಕೈಯಿಂದ ಬೆರಳ ತುದಿಯವರೆಗೆ ನೀನೇ ಅಳತೆಪಟ್ಟಿ ಹಿಡಿದು ನೋಡಿಕೋ. 40 ಸೆಂಟಿಮೀಟರಿಗೆ ಕಡಿಮೆಯಿರದು. ಅಂದರೆ ಬೆರಳಿಗೆ ಕುಂಚದ ಸ್ಪರ್ಶ ತಿಳಿಯಬೇಕಾದರೆ ವರ್ಷಕ್ಕೂ ಮೀರಿ ಕಾಯಬೇಕು, ಅಷ್ಟು ಕಾಲವೂ ಫಿಸಿಯೋಥೆರಪಿ ತಪ್ಪದೆ ನಡೆಯಬೇಕು, ಇಷ್ಟಾದರೂ ಹಿಂದಿನ ಕೈ ಹಾಗೆಯೇ ಮರಳುತ್ತದೆಂಬ ಭರವಸೆಯಿಲ್ಲ. ಆಸ್ಪತ್ರೆಯ ಬಿಲ್ಲು ಒಮ್ಮೆ ಕಟ್ಟಿದರೆ ಮುಗಿಯಿತು. ಆಮೇಲಿನ ಹದಿನೈದು ತಿಂಗಳ ಬಾಡಿಗೆ, ಮನೆಖರ್ಚು, ಔಷಧ ಇವುಗಳ ಮುಖ ಯಾರ ಕರಪತ್ರದಲ್ಲೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಅವರನ್ನು ಸಾಕಬೇಕಾದದ್ದು ಅವರು ಈಗಾಗಲೇ ಬರೆದಿಟ್ಟಿರುವ ಚಿತ್ರಗಳು, ಮತ್ತು ಆ ಚಿತ್ರಗಳಿಗೆ ಇರುವ ಬೆಲೆ. ಆದ್ದರಿಂದ ಅಪಘಾತಕ್ಕೆ ಹಿಂದಿನ ದಿನ ಅವರು ಯಾವ ಚಿತ್ರಕ್ಕೆ ಯಾವ ಬೆಲೆ ಹೇಳುತ್ತಿದ್ದರೋ ಅದನ್ನೇ ಚೀಟಿಯ ಮೇಲೆ ಬರೆ. ಕಡಿಮೆ ಹಣದವರೂ ಏನಾದರೂ ಒಯ್ಯಬೇಕೆಂಬ ನಿನ್ನ ಆಸೆ ನ್ಯಾಯವಾದದ್ದೇ; ಅದಕ್ಕೆ ದೊಡ್ಡ ಚಿತ್ರದ ಬೆಲೆ ಇಳಿಸುವುದರ ಬದಲು ಚಿಕ್ಕ ಚಿತ್ರಗಳನ್ನು ಹೊರಗೆ ತೆಗೆ. ಪ್ರತಿಯೊಬ್ಬ ಚಿತ್ರಕಾರನ ಮನೆಯಲ್ಲೂ ಕಟ್ಟುಗಟ್ಟಲೆ ರೇಖಾಚಿತ್ರಗಳು, ಅಂಗೈಯಗಲದ ಜಲವರ್ಣದ ಅಭ್ಯಾಸಗಳು ಇರುತ್ತವೆ. ಅವುಗಳಿಗೆ ಸರಳವಾದ ಮೌಂಟು, ಅಂದರೆ ಸುತ್ತ ರಟ್ಟಿನ ಅಂಚು, ಹಾಕಿದರೆ ಸಾಕು, ಕಟ್ಟು ಬೇಕಿಲ್ಲ. (ಕಟ್ಟು ಹಾಕುವವನೇ ಹೀಗೆ ಹೇಳುತ್ತಿದ್ದಾನಲ್ಲ ಎಂದು ನಗಬೇಡ.)

ಪ್ರಿಂಟುಗಳನ್ನು ಮಾಡಿಸುವುದಾದರೆ ಎಷ್ಟು ಪ್ರತಿ ಎಂಬುದನ್ನು ಮೊದಲೇ ನಿಶ್ಚಯಿಸಿ, ಪ್ರತಿಯೊಂದರ ಅಂಚಿನಲ್ಲಿ 3/25 ಎಂಬಂತೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿಸು, ಇಪ್ಪತ್ತಾರನೆಯದು ಯಾರು ಬೇಡಿದರೂ ಹುಟ್ಟಬಾರದು. ಇಲ್ಲಿ ಸಹಿಯ ಪ್ರಶ್ನೆ ಬರುತ್ತದೆ. ಅವರ ಸಹಿ ನನಗೆ ಚೆನ್ನಾಗಿ ಬರುತ್ತದೆ, ನಾನೇ ಹಾಕಿಬಿಡುತ್ತೇನೆ ಎನ್ನುವ ಪ್ರೀತಿಯ ಶಿಷ್ಯನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ; ಅವನನ್ನು ಹತ್ತಿರ ಬಿಡಬೇಡ. ಸಹಿಯಿಲ್ಲದ ಚಿತ್ರಗಳ ಹಿಂಬದಿಯಲ್ಲಿ ಗುರುಗಳೇ ಎಡಗೈಯಲ್ಲಿ, ಎಷ್ಟೇ ಸೊಟ್ಟಗಾದರೂ ಸರಿ, ಹೆಸರು ಬರೆದು ಇಂದಿನ ತಾರೀಖು ಹಾಕಲಿ. ಮುಂದೆ ಆ ಸೊಟ್ಟ ಅಕ್ಷರವೇ ಆ ಚಿತ್ರಕ್ಕೆ ಸಾಕ್ಷಿಯಾಗುತ್ತದೆ.

ಯಾವುದನ್ನು ಮಾರಬೇಕು, ಯಾವುದನ್ನು ಮಾರಬಾರದು ಎಂಬುದನ್ನು ನೀವು ತೀರ್ಮಾನಿಸಬೇಡಿ. ಮನೆಯಲ್ಲಿರುವ ಚಿತ್ರಗಳನ್ನೆಲ್ಲ ಒಂದೊಂದಾಗಿ ಅವರ ಹಾಸಿಗೆಯ ಮುಂದೆ ಹಿಡಿದು ಕೇಳಿ, ಅವರು ತಲೆಯಾಡಿಸಿದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ ಅದು. ಒಂದೊಂದು ಚಿತ್ರಕ್ಕೂ ಒಂದೊಂದು ಕಥೆ ಹೊರಡುತ್ತದೆ, ಹೊರಡಲಿ, ಪಕ್ಕದಲ್ಲಿ ಕುಳಿತು ಬರೆದುಕೋ, ಗೋಡೆಯ ಚೀಟಿಗೆ ಅದಕ್ಕಿಂತ ಒಳ್ಳೆಯ ಒಕ್ಕಣೆ ನಿಮಗೆ ಸಿಗದು. ಮೂರರಲ್ಲಿ ಒಂದು ಪಾಲನ್ನಾದರೂ ಮಾರದೆ ಉಳಿಸಿಕೊಳ್ಳುವಂತೆ ಅವರಿಗೆ ನಾನು ಹೇಳಿದೆನೆಂದು ತಿಳಿಸು. ಆ ಹಳೆಯ ಕೈಯ ಚಿತ್ರಗಳು ಇನ್ನು ಮುಂದೆ ಹೆಚ್ಚಲಾರವೇನೋ. ಹಾಗೆಂದು ಅವರ ಕೆಲಸವೇ ಮುಗಿಯಿತೆಂಬ ದನಿ ನಿಮ್ಮ ಬರಹದಲ್ಲಿ ಎಲ್ಲಿಯೂ ಸುಳಿಯಬಾರದು. 1941ರ ಶಸ್ತ್ರಚಿಕಿತ್ಸೆಯ ಮೇಲೆ ಬಹುಕಾಲ ಹಾಸಿಗೆ ಮತ್ತು ಗಾಲಿಕುರ್ಚಿಯಲ್ಲೇ ಕಳೆದ ಫ್ರೆಂಚ್ ಚಿತ್ರಕಾರ ಮಾತೀಸ್, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಕೊನೆಯ ವರ್ಷಗಳ ಚಿತ್ರಗಳನ್ನು ರಚಿಸಿದ. 1956ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಕೈಕೊಟ್ಟು ಪೂರ್ಣವಾಗಿ ದೃಷ್ಟಿ ಕಳೆದುಕೊಂಡ ವಿನೋದ ಬಿಹಾರಿ ಮುಖರ್ಜಿಯವರು ಆಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಶಾಂತಿನಿಕೇತನದ ಕಲಾಭವನದ ಗೋಡೆಗೆ ಹೆಂಚಿನ ಭಿತ್ತಿಚಿತ್ರವನ್ನೂ ರಚಿಸಿದರು. ಇವರ ಹೆಸರುಗಳನ್ನು ಕರಪತ್ರಕ್ಕೆ ಹಾಕೆಂದು ನಾನು ಹೇಳುತ್ತಿಲ್ಲ. ಮಲಗಿರುವವರ ಮುಂದೆ ಇಂಥ ಉದಾಹರಣೆಗಳನ್ನು ಹೇಳಿ ಹುರಿದುಂಬಿಸಲು ಹೋಗುವುದು ಕೆಲವೊಮ್ಮೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ನಿನ್ನ ಮನಸ್ಸಿನಲ್ಲಿ ಇರಲಿ ಎಂದಷ್ಟೇ ಬರೆದೆ.

ಬೇರೆ ಕಲಾವಿದರಿಂದಲೂ ಚಿತ್ರ ಕೇಳಬೇಕೆಂದಿದ್ದೀಯೆ. ಇದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. 1899ರ ಜನವರಿಯಲ್ಲಿ ಸಿಸ್ಲಿ ಎಂಬ ಚಿತ್ರಕಾರ ಬಡತನದಲ್ಲೇ ತೀರಿಕೊಂಡಾಗ, ಅವನ ಗೆಳೆಯ ಮೋನೆ ಮುಂದೆ ನಿಂತು ಇತರ ಕಲಾವಿದರಿಂದ ಚಿತ್ರಗಳನ್ನು ಪಡೆದು, ಅದೇ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸಿಸ್ಲಿಯ ಮಕ್ಕಳ ಸಲುವಾಗಿ ಮಾರಾಟ ಮಾಡಿಸಿದ. ಆದರೆ ಕೇಳುವ ರೀತಿಯಲ್ಲಿ ಎಚ್ಚರವಿರಲಿ. ಸಹಾಯಾರ್ಥ ಎಂದೊಡನೆ ಜನ ಮೊದಲು ಕೈಚಾಚುವುದು ಕಲಾವಿದರ ಮುಂದೆಯೇ. ವೈದ್ಯನಿಗೋ ವಕೀಲನಿಗೋ ವರ್ಷಕ್ಕೆ ಇಷ್ಟು ಸಲ ಪುಕ್ಕಟೆ ದುಡಿಯೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆದ್ದರಿಂದ ಪೂರ್ತಿ ಹಣವನ್ನು ಬಿಟ್ಟುಕೊಡುವುದೋ, ಅರ್ಧ ತಾನಿಟ್ಟುಕೊಂಡು ಅರ್ಧ ಕೊಡುವುದೋ ಎಂಬ ಆಯ್ಕೆಯನ್ನು ಕೋರಿಕೆಯ ಪತ್ರದಲ್ಲೇ ಬರೆ. ಅರ್ಧ ಸಿಗುವುದೆಂದಾದರೆ ಒಳ್ಳೆಯ ಚಿತ್ರ ಬರುತ್ತದೆ; ಪೂರ್ತಿ ದಾನವೆಂದರೆ ಮೂಲೆಯಲ್ಲಿ ಹತ್ತು ವರ್ಷದಿಂದ ಮಾರಾಟವಾಗದೆ ಕುಳಿತಿದ್ದದ್ದು ಬರುತ್ತದೆ. ಇದು ಅವರ ಸಣ್ಣತನವಲ್ಲ, ಅವರೂ ಸಂಸಾರಸ್ಥರು. ಮಾರಾಟವಾಗದ ಚಿತ್ರವನ್ನು ಯಾವ ದಿನದೊಳಗೆ, ಯಾರ ಖರ್ಚಿನಲ್ಲಿ ಹಿಂತಿರುಗಿಸುವಿರಿ ಎಂಬುದನ್ನೂ ಅದರಲ್ಲೇ ಹೇಳಿಬಿಡು.

ಲೆಕ್ಕದ ವಿಚಾರವನ್ನು ಉದ್ದ ಮಾಡುವುದಿಲ್ಲ. ಈ ಕೆಲಸಕ್ಕೆಂದೇ ಬೇರೆ ಖಾತೆ, ಇಬ್ಬರ ಸಹಿಯಿಲ್ಲದೆ ಹಣ ಹೊರಡಬಾರದು, ಕ್ರಮಸಂಖ್ಯೆಯಿರುವ ರಸೀದಿ ಪುಸ್ತಕ, ಸಭಾಂಗಣಕ್ಕೂ ಅಚ್ಚಿಗೂ ಆಗುವ ಖರ್ಚನ್ನು ಮೊದಲೇ ಬರೆದು ಎಲ್ಲರಿಗೂ ತೋರಿಸುವುದು. ಪ್ರದರ್ಶನದ ಮೇಜಿನ ಮೇಲೆ ಹುಂಡಿ ಮಾತ್ರ ಬೇಡ. ಬರಿದೇ ಹಣ ಕೊಡಲು ಇಚ್ಛಿಸುವವರಿಗೂ ರಸೀದಿ ಹರಿದು ಕೊಡು. ಪ್ರತಿಯೊಂದು ಚಿತ್ರ ಯಾರ ಮನೆಗೆ ಹೋಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡು. ನಾಳೆ ಅವರ ಹಳೆಯ ಚಿತ್ರಗಳನ್ನೆಲ್ಲ ಒಂದೆಡೆ ತೋರಿಸಬೇಕೆಂದರೆ ಆ ಪುಸ್ತಕವೇ ದಾರಿ. ಚಿತ್ರವನ್ನು ಕೊಂಡ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿಗೋ ಪುಸ್ತಕದ ಹೊದಿಕೆಗೋ ಅಚ್ಚು ಹಾಕಿಸುವ ಹಕ್ಕು ಬರುವುದಿಲ್ಲ, ಹೆಚ್ಚಿನ ದೇಶಗಳ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ. ಈ ಒಂದು ವಾಕ್ಯವನ್ನು ರಸೀದಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದರೆ ಮುಂದಿನ ಜಗಳ ತಪ್ಪುತ್ತದೆ.

ಇನ್ನು ನನ್ನ ಕಸುಬಿನ ಮಾತು. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಲಿ. ಗೋಡೆ ಎತ್ತರವಿದೆಯೆಂದು ಮೇಲೆ ಮೇಲೆ ಏರಿಸಿದರೆ ನೋಡುವವರಿಗೆ ಕತ್ತುನೋವಷ್ಟೇ ಲಾಭ. ಜಲವರ್ಣಗಳ ಮೇಲೆ ಕಿಟಕಿಯ ಬಿಸಿಲು ಬೀಳಬಾರದು. ಕಾಗದದ ಮೇಲಿನ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಕೊಡದಿರುವುದು ರೂಢಿ. ಅಕ್ರಿಲಿಕ್ ಚಿತ್ರಕ್ಕೆ ಗುಳ್ಳೆಯ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಸಾಲಾಗಿ ಮೂಡಿಬಿಡುತ್ತದೆ, ಮತ್ತೆ ಹೋಗುವುದಿಲ್ಲ. ಮೊದಲು ನುಣುಪಾದ ಗ್ಲಾಸಿನ್ ಕಾಗದ, ಅದರ ಮೇಲೆ ಪ್ಲಾಸ್ಟಿಕ್, ಗುಳ್ಳೆಗಳು ಹೊರಮುಖವಾಗಿ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕಿ ಅಂಟಿಸಿದ ಮೇಲೆ ಕೊನೆಯ ದಿನದವರೆಗೆ ಅದನ್ನು ಗೋಡೆಯಿಂದ ಇಳಿಸಬೇಡ. ಕೊಂಡವರು ಅವಸರಪಟ್ಟರೂ ಕಾಯಲಿ. ಮೊದಲ ದಿನವೇ ಗೋಡೆ ಬೋಳಾದರೆ ಮರುದಿನ ಬಂದವರು ನೋಡುವುದೇನನ್ನು?

ಗುರುಗಳನ್ನು ಉದ್ಘಾಟನೆಗೆ ಕರೆತರುವ ವಿಚಾರ ಬರೆದಿದ್ದೀಯೆ. 1953ರ ಏಪ್ರಿಲಿನಲ್ಲಿ ಮೆಕ್ಸಿಕೋ ನಗರದಲ್ಲಿ ತನ್ನ ಪ್ರದರ್ಶನ ನಡೆದಾಗ, ಏಳಲಾಗದ ಚಿತ್ರಕಾರ್ತಿ ಫ್ರೀಡಾ ಕಾಹ್ಲೋ ಆಂಬುಲೆನ್ಸಿನಲ್ಲಿ ಬಂದು, ಗ್ಯಾಲರಿಯ ನಡುವೆ ಹಾಕಿಸಿದ್ದ ತನ್ನ ಮಂಚದ ಮೇಲೆ ಮಲಗಿಕೊಂಡೇ ಅತಿಥಿಗಳನ್ನು ಮಾತನಾಡಿಸಿದಳು. ಅದು ಅವಳ ಇಚ್ಛೆ, ಅವಳ ಗತ್ತು. ನಿನ್ನ ಗುರುಗಳು ಬರುತ್ತೇನೆಂದರೆ ಕರೆತಾ; ವೇದಿಕೆಯ ಮೇಲೆ ಹಾರ ಹಾಕಿ ಕೂರಿಸದೆ, ಅವರ ಚಿತ್ರಗಳ ಎದುರಿಗೇ ಒಂದು ಒಳ್ಳೆಯ ಕುರ್ಚಿ ಹಾಕಿಸು, ಭಾಷಣಗಳನ್ನು ಹತ್ತು ನಿಮಿಷದಲ್ಲಿ ಮುಗಿಸು. ಬರಲಾರೆ ಎಂದರೆ ಎರಡನೆಯ ಸಲ ಕೇಳಬೇಡ. ಆದರೆ ಪ್ರತಿ ಸಂಜೆ ಯಾರು ಯಾವ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತರು, ಏನು ಕೇಳಿದರು, ಯಾವುದನ್ನು ಯಾಕೆ ಒಯ್ದರು ಎಂಬುದನ್ನು ಬರೆದುಕೊಂಡು ಹೋಗಿ ಅವರಿಗೆ ಓದಿಹೇಳು. ನಾವು ಮಾಡದೆ ಬಿಟ್ಟದ್ದು ಇದೇ.

ಆ ನೀಲಿ ಬಾಗಿಲಿನ ಚಿತ್ರ ಎಲ್ಲಿ ಹೋಯಿತೆಂದು ಆಮೇಲೆ ಎಷ್ಟೋ ವಿಚಾರಿಸಿದೆ, ತಿಳಿಯಲಿಲ್ಲ. ಅದೇ ಮಾರಾಟದಲ್ಲಿ ನಾನೂ ಅರ್ಧ ಬೆಲೆಗೆ ಒಂದು ಚಿತ್ರ ಕೊಂಡಿದ್ದೆ, ಒದ್ದೆ ಮೆಟ್ಟಿಲುಗಳ ಮೇಲೆ ಮಗುಚಿಟ್ಟ ಕೊಡೆಯದು, ಈಗಲೂ ನಾನು ಬರೆಯುವ ಮೇಜಿನ ಎದುರಿಗೇ ಇದೆ. ಕೆಲವು ವರ್ಷಗಳ ಮೇಲೆ ಉಳಿದರ್ಧ ಹಣವನ್ನು ಲಕೋಟೆಯಲ್ಲಿಟ್ಟು ಅವನಿಗೆ ಕೊಡಹೋದಾಗ ಅವನು ತೆಗೆದುಕೊಳ್ಳಲಿಲ್ಲ. ‘ಅಂದಿನ ಬೆಲೆ ಅಂದಿಗೆ ಮುಗಿಯಿತು’ ಎಂದು ನಕ್ಕುಬಿಟ್ಟ.

ಕರಪತ್ರದಲ್ಲಿ ಆಸ್ಪತ್ರೆಯ ಫೋಟೋ ತೆಗೆದು ಅವರ ಒಂದು ಒಳ್ಳೆಯ ಚಿತ್ರವನ್ನು ಹಾಕಿಸು. ಅಪಘಾತದ ಸಂಗತಿ ಕೆಳಗೆ ಎರಡು ಸಾಲಿನಲ್ಲಿ ಬಂದರೆ ಸಾಕು. ತಿದ್ದಿದ ಕರಡನ್ನೂ ಚಿತ್ರಗಳ ಅಳತೆಯ ಪಟ್ಟಿಯನ್ನೂ ಈ ವಾರದಲ್ಲೇ ಕಳುಹಿಸಿದರೆ ಕಟ್ಟು ಬೇಕಾದವುಗಳಿಗೆ ಮರದ ಪಟ್ಟಿ ಕೊಯ್ಯಿಸಿ ಇಡುತ್ತೇನೆ, ಮರದ ಹಣವಷ್ಟೇ ಕೊಡು. ಉದ್ಘಾಟನೆಗೆ ಎರಡು ದಿನ ಮೊದಲು ಸುತ್ತಿಗೆ, ರಸಮಟ್ಟ ಹಿಡಿದುಕೊಂಡು ನಾನೇ ಬರುತ್ತೇನೆ. ಚೀಟಿಗಳನ್ನು ಮಾತ್ರ ನಾನು ಬರುವುದರೊಳಗೆ ನಿನ್ನ ಕೈಯಿಂದಲೇ ಬರೆದಿಟ್ಟಿರು, ಪೂರ್ತಿ ಬೆಲೆ ಹಾಕಿ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ